ಹಗುರಾದ ರಾಜ

ನನ್ನ ಭಾವನ ಕೈಗೆ ಏನೇ ಕೊಡಿ, ಮೊದಲು ಅದನ್ನು ಅಂಗೈಯಲ್ಲಿಟ್ಟು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ ತೂಕ ನೋಡುತ್ತಾರೆ. ಚಹಾದ ಲೋಟವಾಗಲಿ, ಚಪ್ಪಲಿಯಾಗಲಿ, ಪಕ್ಕದ ಮನೆಯವರ ಕೂಸಾಗಲಿ, ಎಲ್ಲಕ್ಕೂ ಅದೇ. ಅಕ್ಕನನ್ನು ನೋಡಲು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಾನು ಕೊಟ್ಟ ನೀರಿನ ಚೊಂಬನ್ನೂ ಹಾಗೇ ತೂಗಿ, "ತಳ ಸವೆದಿದೆ, ಇನ್ನು ಸ್ವಲ್ಪ ದಿನಕ್ಕೆ ತೂತು ಬೀಳುತ್ತೆ" ಅಂದರು. ಅಕ್ಕ ಒಳಗಿನಿಂದಲೇ, "ಚೊಂಬು ನೋಡೋಕೆ ಬಂದ್ರಾ, ನನ್ನ ನೋಡೋಕೆ ಬಂದ್ರಾ?" ಅಂತ ಕೇಳಿದಳು. ಭಾವ ನಾಚಿ ಚೊಂಬು ಕೆಳಗಿಟ್ಟರು. ಆಮೇಲೆ ಅದು ತೂತು ಬಿದ್ದದ್ದು ನಿಜ. ಆ ಕೈಯ ಮೇಲೆ ಅವರಿಗೆ ತಮ್ಮ ಕಣ್ಣಿಗಿಂತ ಹೆಚ್ಚು ಭರವಸೆ. ಆ ಭರವಸೆ ಅವರನ್ನು ಎಂಥ ಕೋಣೆಯೊಳಗೆ ತಂದು ಕೂರಿಸಿತು ಅನ್ನುವುದೇ ಈ ಕಥೆ.

ಅವರದು ಮರ ಕಡೆಯುವ ಕೆಲಸ. ಲೇತಿಗೆ ಮರದ ತುಂಡು ಸಿಕ್ಕಿಸಿ, ಅದು ಗಿರ್ರೆಂದು ತಿರುಗುವಾಗ ಉಳಿ ಹಿಡಿದು ಮಂಚದ ಕಾಲು, ಮೆಟ್ಟಿಲ ಕಂಬಿ, ರಬ್ಬರ್ ಸ್ಟಾಂಪಿನ ಹಿಡಿ, ಹೀಗೆ ದುಂಡಗಿರುವ ಏನನ್ನಾದರೂ ಮಾಡಿಕೊಡುತ್ತಾರೆ. ಅಂಗಡಿ ಇರುವುದು ಗ್ಯಾರೇಜು, ವೆಲ್ಡಿಂಗು, ಟೈರಿನ ಅಂಗಡಿಗಳ ಸಾಲಿನಲ್ಲಿ. ಬೀದಿಯೆಲ್ಲ ಕಬ್ಬಿಣದ ಗದ್ದಲ. ಇವರ ಅಂಗಡಿಯೊಳಗೆ ಮಾತ್ರ ಮರದ ವಾಸನೆ, ಕಾಲಡಿ ಸುರುಳಿ ಸುರುಳಿ ಸಿಪ್ಪೆ. ಕೆಲಸವಿಲ್ಲದಾಗ ಎದುರಿನ ವೆಲ್ಡರ್ ಬಂದು ಕೂರುತ್ತಾನೆ, ಇಬ್ಬರೂ ಚೆಸ್ ಆಡುತ್ತಾರೆ. ಭಾವನಿಗೆ ಆಟ ಕಲಿಸಿದ್ದು ಕೆಲಸ ಕಲಿಸಿದ ಮುದುಕ ಮೇಸ್ತ್ರಿಯೇ. ಮೊದಲು ಕಾಯಿ ಕಡೆಯುವುದನ್ನು ಕಲಿಸಿ, ಆಮೇಲೆ ಕಾಯಿ ನಡೆಸುವುದನ್ನು ಕಲಿಸಿದನಂತೆ. ಅದಕ್ಕೇ ಏನೋ, ಗೆದ್ದರೂ ಸೋತರೂ ಭಾವನಿಗೆ ಒಂದೇ. ಎದುರಿಗೆ ಕೂತವನು ಕಾಯಿ ಕುಕ್ಕಿದರೆ ಮಾತ್ರ ಮುಖ ಕಿವುಚುತ್ತಾರೆ. "ಮೆತ್ತಗೆ ಇಡಪ್ಪ, ಅದು ಕುದುರೆ, ಸುತ್ತಿಗೆ ಅಲ್ಲ" ಅನ್ನುತ್ತಾರೆ.

ನಾನು ಹಾಗಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ಸಲ ಅವರ ಜೊತೆ ಆಡಲು ಕೂತು, ಮಂತ್ರಿ ಹೋದ ಕೂಡಲೇ ಮಣೆ ಎತ್ತಿ ಬೀದಿಗೆ ಎಸೆದೆ. ಕಾಯಿಗಳನ್ನು ಟೈರಿನ ಅಂಗಡಿಯವರೆಗೂ ಹೋಗಿ ಆರಿಸಿಕೊಂಡು ಬಂದ ಭಾವ ಒಂದು ಮಾತೂ ಬೈಯಲಿಲ್ಲ. ಆದರೆ ಮತ್ತೆಂದೂ ನನ್ನನ್ನು ಆಟಕ್ಕೆ ಕರೆಯಲಿಲ್ಲ.

ನನ್ನ ಕೆಲಸ ಜೈಲಿನಲ್ಲಿ. ವಾರ್ಡರ್. ಬಾಗಿಲು ಹಾಕುವುದು, ತೆಗೆಯುವುದು, ತಲೆ ಎಣಿಸುವುದು. ಕೇಳಿದರೆ ಸುಲಭದ ಕೆಲಸ. ಮಾಡಿದವನಿಗೆ ಗೊತ್ತು.

ಹೊಸದಾಗಿ ಬಂದ ಸಾಹೇಬರಿಗೆ ಕೈದಿಗಳನ್ನು ಒಳ್ಳೆಯವರನ್ನಾಗಿ ಮಾಡುವ ಹುಚ್ಚು. ಮೊದಲು ಹಾಡು ಕಲಿಸಿದರು. ಹಾಡು ಕಲಿಸಲು ಬಂದವಳು ಎರಡನೇ ವಾರ ಬರಲಿಲ್ಲ. ಆಮೇಲೆ ಹೂವಿನ ಗಿಡ ನೆಡಿಸಿದರು. ಕುಂಡಗಳಲ್ಲಿ ಬೀಡಿ ಸಿಕ್ಕಿತು. ಮೂರನೆಯದು ಚೆಸ್.

"ಏನ್ರೀ, ನಿಮಗೆ ಗೊತ್ತಿರೋರು ಯಾರಾದ್ರೂ ಚೆಸ್ ಕಲಿಸ್ತಾರಾ?" ಅಂತ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರು. "ಚೆಸ್ ಆಡೋನು ಮುಂದಿನದ್ದು ಯೋಚನೆ ಮಾಡ್ತಾನೆ. ಇವರೆಲ್ಲ ಒಳಗೆ ಬಂದಿರೋದೇ ಮುಂದಿನದ್ದು ಯೋಚನೆ ಮಾಡದೆ."

ಭಾವನ ಹೆಸರು ನನ್ನ ಬಾಯಿಂದ ಬಂದೇಬಿಟ್ಟಿತು. ಮನೆಯಲ್ಲಿ ಹೇಳಿದಾಗ ಭಾವನ ಮುಖ ಅರಳಿತು. ಅಕ್ಕನ ಮುಖ ಗಂಟಿಕ್ಕಿತು.

"ಊರಲ್ಲಿ ಬೇರೆ ಯಾರೂ ಸಿಗಲಿಲ್ವೇನೋ ನಿನಗೆ? ನನ್ನ ಗಂಡನೇ ಆಗಬೇಕಿತ್ತಾ?"

"ಅಕ್ಕಾ, ನಾನು ಜೊತೆಗೇ ಇರ್ತೀನಿ."

"ನೀನಿರೋದೇ ನನಗೆ ಭಯ. ನಿನ್ನ ಕೋಪಕ್ಕೆ ಅಲ್ಲಿರೋರು ಇನ್ನೂ ರೇಗ್ತಾರೆ." ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ನನ್ನ ಕಡೆ ಬೆರಳು ತೋರಿಸಿದಳು. "ಕೇಳು. ಕರ್ಕೊಂಡು ಹೋಗ್ತಿರೋನು ನೀನು. ಹೋದ ಹಾಗೇ ವಾಪಸ್ ತಂದು ಈ ಬಾಗಿಲಲ್ಲಿ ನಂಗೆ ಒಪ್ಪಿಸಬೇಕು. ಒಂದು ಗೀರು ಬಿದ್ದಿದ್ರೂ ನೀನು ಈ ಮನೆಗೆ ಬರಬೇಡ."

"ಮಂಚದ ಕಾಲು ಕಳಿಸ್ತಿದ್ದಾಳೆ ನೋಡು, ಗೀರು ಬೀಳಬಾರದಂತೆ" ಅಂತ ಭಾವ ನಕ್ಕರು. ಅಕ್ಕ ನಗಲಿಲ್ಲ.

ತರಗತಿಗೆ ಕೊಟ್ಟದ್ದು ಹಳೇ ನೇಯ್ಗೆ ಕೋಣೆ. ಮಗ್ಗಗಳನ್ನು ಕಿತ್ತುಹಾಕಿದ್ದರು, ನೆಲದಲ್ಲಿ ಅವುಗಳ ಕಾಲಿನ ಗುಂಡಿಗಳು ಹಾಗೇ ಇದ್ದವು. ಮೇಲೆ ಕಂಬಿ ಹಾಕಿದ ಒಂದು ಕಿಟಕಿ. ಒಂದೇ ಬಾಗಿಲು. ಆ ಬಾಗಿಲಿಗೊಂದು ನಿಯಮವಿತ್ತು. ಪಾಠ ನಡೆಯುವಾಗ ಹೊರಗಿನಿಂದ ಬೀಗ. ಒಳಗೆ ಒಬ್ಬ ವಾರ್ಡರ್, ಅವನ ಹತ್ತಿರ ಬೀಗದ ಕೈ ಇರಬಾರದು. ಹೊರಗೆ ಇನ್ನೊಬ್ಬ, ಜೈಲಿನ ಗಂಟೆ ಹೊಡೆಯುವ ತನಕ ಅವನು ತೆಗೆಯಬಾರದು. ಒಳಗಿನವನು ಸೀಟಿ ಊದಿದರೂ ಹೊರಗಿನವನು ಮೊದಲು ಓಡಿಹೋಗಿ ಜನ ಸೇರಿಸಿಕೊಂಡು ಬರಬೇಕು, ಆಮೇಲೆ ಬಾಗಿಲು. ಈ ನಿಯಮ ಬರೆದವನು ಯಾವತ್ತೂ ಒಳಗಡೆ ನಿಂತವನಲ್ಲ. ನಿಂತವನು ನಾನು.

ಎಂಟು ಜನ ಬಂದರು. ನಾಲ್ಕು ಮೇಜು, ನಾಲ್ಕು ಮಣೆ. ಎಲ್ಲರ ವಿಷಯ ಹೇಳುವುದು ಬೇಡ, ಇಬ್ಬರದು ಸಾಕು.

ಒಬ್ಬನನ್ನು ಡ್ರೈವರ್ ಅನ್ನುತ್ತಿದ್ದರು. ದಪ್ಪ ಆಳು, ಬಾಯಿತುಂಬ ಮಾತು, ಮಾತಿಗೊಂದು ನಗು. ಲಾರಿಯಲ್ಲಿ ತನ್ನ ಪಾಲುದಾರನನ್ನು ಜಾಕಿನ ಹಿಡಿಯಿಂದ ಹೊಡೆದು ಕೊಂದು, ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೇ ದಾರಿಯಲ್ಲಿ ಊಟ ಮಾಡಿ ಬಂದವನು. ಬ್ಯಾರಕ್ಕಿನಲ್ಲಿ ಅವನು ಎದ್ದರೆ ನಾಲ್ಕು ಜನ ಏಳುತ್ತಿದ್ದರು.

ಇನ್ನೊಬ್ಬ ಪೈಂಟರ್. ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಸಣಕಲ, ಮಾತಿಲ್ಲ. ಹೆಂಡತಿಯ ತಮ್ಮನ ಜೊತೆ ಏಣಿಯ ಮೇಲೆ ಜಗಳ ಬಂದು ತಳ್ಳಿಬಿಟ್ಟಿದ್ದ, ಬಿದ್ದವನು ಮತ್ತೆ ಏಳಲಿಲ್ಲ. ಅವಧಿಗೆ ಮುಂಚೆ ಬಿಡುಗಡೆ ಮಾಡುವವರ ಮುಂದೆ ಅವನ ಹೆಸರು ಹೋಗಿತ್ತು. ಏಣಿಯ ಕಥೆ ಕೇಳಿದ ಭಾವ ನನ್ನನ್ನು ತೋರಿಸಿ, "ನೋಡಪ್ಪ, ಅಲ್ಲಿ ಬಾಗಿಲ ಹತ್ರ ನಿಂತಿದ್ದಾನಲ್ಲ, ನನ್ನ ಭಾಮೈದ. ಏಣಿ ಸಿಕ್ಕಿದ್ದಿದ್ರೆ ನಾನೂ ಎಷ್ಟೋ ಸಲ ಇಲ್ಲಿಗೆ ಬರ್ತಿದ್ದೆ" ಅಂದರು. ಎಂಟೂ ಜನ ಬಿದ್ದು ಬಿದ್ದು ನಕ್ಕರು. ಪೈಂಟರ್ ನಗಲಿಲ್ಲ, ಆದರೆ ಆವತ್ತಿನಿಂದ ಭಾವ ಹೇಳಿದ್ದನ್ನು ಕಿವಿಗೊಟ್ಟು ಕೇಳತೊಡಗಿದ.

ಅವನದೊಂದು ವಿಚಿತ್ರವಿತ್ತು. ಚೆನ್ನಾಗಿ ಆಡುತ್ತಿದ್ದ, ಇನ್ನೇನು ಗೆಲ್ಲಬೇಕು ಅನ್ನುವಾಗ ಕೈ ಹಿಂದೆ ತೆಗೆದು ಕೂತುಬಿಡುತ್ತಿದ್ದ.

"ಯಾಕಪ್ಪ, ಆಡು."

"ಗೆಲ್ಲೋ ಹೊತ್ತಿಗೆ ಕೈ ನಡುಗುತ್ತೆ ಮೇಷ್ಟ್ರೇ. ಆವತ್ತು ಏಣಿ ಮೇಲೂ ನನ್ನ ಕೈಯೇ ಮೇಲಾಗಿತ್ತು."

ಭಾವ ಕಾಯಿಯನ್ನು ಎತ್ತಿ ಅವನ ಕೈಗಿಟ್ಟರು. "ಹಂಗಾದ್ರೆ ಗೆಲ್ಲಬೇಡ. ಗೆಲುವಿನ ಮಾತೇ ಬಿಡು. ಮುಂದಿನದು ಒಂದು ನಡೆ ಏನು ಅಂತ ನೋಡು. ಅದಾದ ಮೇಲೆ ಇನ್ನೊಂದು. ಅಷ್ಟೇ."

ಎಲ್ಲ ಚೆನ್ನಾಗಿ ಹೋಗುತ್ತಿತ್ತು ಅನ್ನಬಹುದು, ಕಾಯಿಗಳ ಕಾಟ ಒಂದು ಬಿಟ್ಟರೆ. ಸಾಹೇಬರು ತರಿಸಿಕೊಟ್ಟಿದ್ದು ಪ್ಲಾಸ್ಟಿಕ್ಕಿನವು, ಟೊಳ್ಳು. ಫ್ಯಾನು ಹಾಕಿದರೆ ಬೀಳುತ್ತಿದ್ದವು, ತೋಳು ತಗುಲಿದರೆ ಬೀಳುತ್ತಿದ್ದವು. ಬಿದ್ದದ್ದನ್ನು ಎತ್ತಿಡುವಾಗ "ನಿನ್ನ ಒಂಟೆ ಇಲ್ಲಿರಲಿಲ್ಲ," "ನಿಮ್ಮಪ್ಪನ ಒಂಟೆ ಎಲ್ಲಿತ್ತೋ" ಅಂತ ಶುರುವಾಗುತ್ತಿತ್ತು. ಒಂದು ದಿನ ಒಬ್ಬನ ಹುಬ್ಬು ಒಡೆಯಿತು. ಸಾಹೇಬರು ತರಗತಿ ನಿಲ್ಲಿಸುವ ಮಾತಾಡಿದರು.

ಭಾವ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಲೇತಿನ ಮುಂದೆ ಕೂತರು. ಮಂಚದ ಕಾಲಿಗೆ ಬಂದವರನ್ನೆಲ್ಲ ವಾಪಸ್ ಕಳಿಸಿ ನಾಲ್ಕು ಮಣೆಗೆ ಆಗುವಷ್ಟು ಕಾಯಿ ಕಡೆದರು. ಕುದುರೆಯ ಕುತ್ತಿಗೆಯ ಗೆರೆ ಸಹಿತ. ಜೈಲಿನ ಗೇಟಿನವನು ಪೆಟ್ಟಿಗೆ ತೆಗೆದು ನೋಡಿ, "ಅಬ್ಬಾ, ಅಂಗಡಿಯಲ್ಲೂ ಇಂಥದ್ದು ಸಿಗಲ್ಲ" ಅಂತ ಒಂದು ಆನೆಯನ್ನು ಸವರಿ ಒಳಗೆ ಬಿಟ್ಟ. ಮರ ತಾನೇ.

ಆದರೆ ಮರ ಕಡೆಯುವವರಿಗೆ ಒಂದು ಅಭ್ಯಾಸ ಇರುತ್ತದೆ. ಎತ್ತರದ ಸಾಮಾನಿಗೆ ತಳದಲ್ಲಿ ಭಾರ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ಮುಗಿದ ಕೆಲಸವೇ ಅಲ್ಲ. ಕಾಯಿಗಳಲ್ಲೆಲ್ಲ ಎತ್ತರ ರಾಜ ಮತ್ತು ಮಂತ್ರಿ. ಅವೆರಡರ ತಳದಿಂದ ತೂತು ಕೊರೆದು, ಎದುರಿನ ವೆಲ್ಡರನಿಂದ ಬೆರಳುದ್ದದ ಕಬ್ಬಿಣದ ಸರಳು ಕತ್ತರಿಸಿ ತಂದು ಒಳಗೆ ಬಡಿದು, ಮೇಲೆ ಹಸಿರು ಬಟ್ಟೆಯ ಬಿಲ್ಲೆ ಅಂಟಿಸಿದ್ದರು. ಮೇಸ್ತ್ರಿ ಕಲಿಸಿದ್ದು ಹಾಗೆ. ಅದನ್ನು ನನಗೆ ಹೇಳಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. ಇಡ್ಲಿಗೆ ಉಪ್ಪು ಹಾಕಿದ್ದೀನಿ ಅಂತ ಯಾರಾದರೂ ಹೇಳಿಕೊಂಡು ತಿರುಗುತ್ತಾರಾ? ಅವರ ಮಟ್ಟಿಗೆ ಅದು ಕಬ್ಬಿಣ ಅಲ್ಲ, ರಾಜನ ಒಂದು ಭಾಗ.

ಹೇಳಿದ್ದು ಡ್ರೈವರನಿಗೆ. ಅವನು ರಾಜನನ್ನು ಕೈಯಲ್ಲಿ ಆಡಿಸುತ್ತಾ, "ಕೈ ತುಂಬ ಇದೆ ಮೇಷ್ಟ್ರೇ! ಒಳಗೆ ಏನ್ ತುಂಬಿದ್ದೀರಿ?" ಅಂತ ಕೇಳಿದನಂತೆ. ತನ್ನ ಹಾಗೆಯೇ ತೂಕ ನೋಡುವವನೊಬ್ಬ ಸಿಕ್ಕಿದ ಅಂತ ಭಾವನಿಗೆ ಹಿಗ್ಗು. ಎಲ್ಲ ವಿವರಿಸಿದರು, ಎಷ್ಟು ದಪ್ಪ, ಎಷ್ಟು ಉದ್ದ, ಯಾವ ಅಂಟು. ಅವರಿಬ್ಬರ ನಡುವೆ ಈ ಮಾತಾದದ್ದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಹೊಸ ಕಾಯಿ ಬಂದ ಮೇಲೆ ಜಗಳ ನಿಂತಿತು. ಡ್ರೈವರನೇ ಮುಂದೆ ನಿಂತು ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ. "ಮೇಷ್ಟ್ರು ಮಾತಾಡ್ತಿದ್ದಾರೆ, ಬಾಯಿ ಮುಚ್ರೋ." ಸಂಜೆ ಬ್ಯಾರಕ್ಕಿನಲ್ಲೂ ಅಭ್ಯಾಸ ಮಾಡುತ್ತೇವೆ ಅಂತ ಅವನೇ ಸಾಹೇಬರ ಮುಂದೆ ಕೈ ಕಟ್ಟಿ ನಿಂತು ಕೇಳಿದ. ಸಾಹೇಬರು ಕರಗಿಹೋದರು. ಅಂದಿನಿಂದ ದಿನವೂ ಸಂಜೆ ಒಂದು ಪೆಟ್ಟಿಗೆ ಬ್ಯಾರಕ್ಕಿಗೆ ಹೋಗಿ ಬೆಳಿಗ್ಗೆ ವಾಪಸ್ ಬರುತ್ತಿತ್ತು. ನಾನೇ ಎಣಿಸಿ ಕೊಡುತ್ತಿದ್ದೆ, ನಾನೇ ಎಣಿಸಿ ತೆಗೆದುಕೊಳ್ಳುತ್ತಿದ್ದೆ. ಒಂದು ಕಾಲಾಳೂ ಕಡಿಮೆ ಬರಲಿಲ್ಲ.

ಬರುಬರುತ್ತಾ ಇಡೀ ಬ್ಯಾರಕ್ಕೇ ಸದ್ದಿಲ್ಲದಂತಾಯಿತು. ನಲ್ಲಿಯ ಹತ್ತಿರ ಬಕೆಟ್ಟಿಗಾಗಿ ಕಿತ್ತಾಡುವವರು ಸಾಲಾಗಿ ನಿಂತರು. ಊಟದ ತಟ್ಟೆ ಎಸೆಯುವವರು ತೊಳೆದಿಟ್ಟರು. ನಾನು ಒಳಗೆ ಹೋದರೆ ಮಾತು ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು, ಹೊರಗೆ ಬಂದರೆ ಯಾರೋ ಕಲ್ಲಿಗೆ ಏನನ್ನೋ ಉಜ್ಜುವ ಸದ್ದು. "ಏನದು?" ಅಂತ ಗದರಿದರೆ, "ಬಕೆಟ್ ತಿಕ್ತಿದ್ದೀವಿ ಅಣ್ಣ, ಪಾಚಿ ಕಟ್ಟಿದೆ" ಅನ್ನುತ್ತಿದ್ದರು. ಬಕೆಟ್ಟು ನೋಡಿದರೆ ನಿಜವಾಗಿಯೂ ಫಳಫಳ.

ಸಾಹೇಬರು ಬೀಗಿದರು. "ನೋಡಿದ್ರೇನ್ರೀ, ಚೆಸ್ಸಿನ ಮಹಿಮೆ!"

"ಸಾರ್, ಇದು ಸರಿಯಿಲ್ಲ. ಇಷ್ಟು ಸುಮ್ಮನಿದ್ರೆ ಏನೋ ಇದೆ."

"ಗಲಾಟೆ ಮಾಡಿದ್ರೂ ಕಷ್ಟ, ಮಾಡದಿದ್ರೂ ಕಷ್ಟ. ನಿಮಗೆ ಕೋಪ ಮಾಡಿಕೊಳ್ಳೋಕೆ ಒಂದು ಕಾರಣ ಬೇಕು ಅಷ್ಟೇ."

ಮೈಯೆಲ್ಲ ಉರಿದುಹೋಯಿತು. ಗಲಾಟೆ ಇರುವ ಜೈಲು ಉಸಿರಾಡುವ ಜೈಲು. ಉಸಿರು ಬಿಗಿಹಿಡಿದದ್ದು ಯಾಕೆ ಹಿಡಿದಿದೆ ಅಂತ ನೋಡಬೇಡವೇ? ಯಾರಿಗೆ ಹೇಳೋಣ.

ಅದೇ ವಾರ ಪಾಠ ಮುಗಿದು ಸಾಲಾಗಿ ಹೋಗುವಾಗ ಪೈಂಟರ್ ಭಾವನ ಹತ್ತಿರ ಬಗ್ಗಿ, ಕಾಯಿ ಎತ್ತಿಡುವ ನೆಪದಲ್ಲಿ ಏನೋ ಹೇಳಿದ. ಮನೆಯಲ್ಲಿ ಭಾವ ಅದನ್ನೇ ತಮಾಷೆ ಮಾಡಿದರು. "ನೋಡೇ, ನನ್ನ ಶಿಷ್ಯ ನನಗೆ ರಜೆ ಕೊಟ್ಟಿದ್ದಾನೆ. 'ಸ್ವಲ್ಪ ದಿನ ಬರಬೇಡಿ ಮೇಷ್ಟ್ರೇ, ಮನೆಯವರನ್ನ ಕರ್ಕೊಂಡು ಎಲ್ಲಾದ್ರೂ ಹೋಗಿ ಬನ್ನಿ' ಅಂದ."

ಅಕ್ಕನ ಕೈಯಲ್ಲಿದ್ದ ಲೋಟ ಅರ್ಧಕ್ಕೇ ನಿಂತಿತು. "ಅವನು ಯಾಕೆ ಹಾಗಂದ?"

"ಸೋತು ಸೋತು ಬೇಜಾರಾಗಿರ್ಬೇಕು."

"ಗೆಲ್ಲೋ ಆಟ ಬಿಟ್ಟುಕೊಡೋನು ಅವನೇ ಅಂತ ನೀವೇ ಹೇಳಿದ್ರಿ." ನನ್ನ ಕಡೆ ತಿರುಗಿದಳು. "ಲೋ, ನಿನಗೇನಾದ್ರೂ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೇ ನನ್ನನ್ನು ಸುಡುತ್ತಿತ್ತು. "ಈ ವಾರ ಹೋಗೋದು ಬೇಡ ಭಾವ" ಅಂದೆ. "ಹೋಗ್ದೆ ಇದ್ರೆ ಅವರು ಆಟ ಮರೀತಾರೆ" ಅಂದರು. ಮುಗಿಯಿತು. ಅವರ ಹಟ ಮೆತ್ತಗಿನ ಹಟ. ಗಟ್ಟಿ ಹಟವನ್ನಾದರೆ ಒಡೆಯಬಹುದು.

ಮುಂದಿನ ಪಾಠಕ್ಕೆ ಬಾಗಿಲ ಬೀಗ ಬಿದ್ದಾಗ, ಆ ಸದ್ದು ನನಗೆ ಎಂದಿಗಿಂತ ಜೋರಾಗಿ ಕೇಳಿಸಿತು. ಎಂಟೂ ಜನ ಆಗಲೇ ಕೂತಿದ್ದರು. ಭಾವನ ಜಾಗ ಕೋಣೆಯ ನಡುವೆ, ಅವರು ಮುಂದಿನ ಮೇಜಿಗೆ ಬಗ್ಗಿದರೆ ಹಿಂದಿನ ಮೇಜಿನವರಿಗೆ ಬೆನ್ನು. ಅಷ್ಟು ದಿನ ನನ್ನ ಕಣ್ಣಿಗೆ ಬೀಳದ ಆ ಬೆನ್ನು ಆವತ್ತು ಬೇರೆ ಏನೂ ಕಾಣದ ಹಾಗೆ ಕಂಡಿತು. ಬಿಳಿ ಅಂಗಿ. ಭುಜದ ಹತ್ತಿರ ಅಕ್ಕ ಹಾಕಿದ ಹೊಲಿಗೆ.

ಭಾವ ಮಾಮೂಲಿನಂತೆ ಮೇಜಿನಿಂದ ಮೇಜಿಗೆ ಹೋಗಿ ನಡೆ ತಿದ್ದುತ್ತಿದ್ದರು. ಡ್ರೈವರನ ಮಣೆಯ ಹತ್ತಿರ ಬಂದು, "ನಿನ್ನ ರಾಜ ಇಲ್ಲಿ ಯಾಕಿದ್ದಾನೆ? ಮೂಲೆಗೆ ಹೋಗಬೇಕಿತ್ತು" ಅಂತ ಕಪ್ಪು ರಾಜನನ್ನು ಎತ್ತಿದರು.

ಕೈ ಅಲ್ಲೇ ನಿಂತಿತು.

ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಅವರ ಮುಖ ಕಿವುಚಿತು, ಯಾರೋ ಕಾಯಿ ಕುಕ್ಕಿದರೆ ಕಿವುಚುತ್ತದಲ್ಲ, ಹಾಗೆ. ಆಮೇಲೆ ಜಗತ್ತಿನಲ್ಲಿ ನನ್ನ ಭಾವ ಒಬ್ಬರು ಮಾತ್ರ ಮಾಡಬಹುದಾದ ಕೆಲಸ ಮಾಡಿದರು. ಅವರಿಗೆ ಭಯ ಆಗಲಿಲ್ಲ. ಕೆಲಸ ಕೆಟ್ಟಿದೆ ಅಂತ ಸಿಟ್ಟು ಬಂತು! ಉಗುರಿನಿಂದ ಹಸಿರು ಬಿಲ್ಲೆ ಕಿತ್ತರು. ಒಳಗೆ ಖಾಲಿ ತೂತು.

"ಯಾರಪ್ಪ ಇದರ ಹೊಟ್ಟೆ ತೆಗೆದಿದ್ದು? ಇದರಲ್ಲಿ ಸರಳು ಇರ್ಬೇಕಿತ್ತು. ತೋರಿಸ್ತೀನಿ ನೋಡಿ, ಹೇಗಿರುತ್ತೆ ಅಂತ."

ಸರಳು ಅನ್ನುವ ಮಾತು ನನ್ನ ಕಿವಿಗೆ ಬಿದ್ದದ್ದು ಆಗ. "ಭಾವ, ಬೇಡ!" ಅಂತ ನಾನು ಕೂಗುವಷ್ಟರಲ್ಲಿ ಪಕ್ಕದ ಮಣೆಯ ಬಿಳಿ ಮಂತ್ರಿಯ ಬಿಲ್ಲೆ ಕಿತ್ತು ಮೇಜಿಗೆ ತಟ್ಟಿದ್ದರು. ಅದರಿಂದ ಸರಳು ಬೀಳಲಿಲ್ಲ. ಮರಳು ಸುರಿಯಿತು.

ಇನ್ನೊಂದು. ಮರಳು, ಬೆಣಚು ಕಲ್ಲಿನ ಚೂರು, ನೆನೆಸಿ ತುರುಕಿದ ಕಾಗದ. ಇನ್ನೊಂದು. ಅದೂ ಮರಳು. ತೂತನ್ನು ದೊಡ್ಡದಾಗಿ ಕೊರೆದು, ಕಬ್ಬಿಣದಷ್ಟೇ ತೂಗುವ ಹಾಗೆ ಬಿಗಿಯಾಗಿ ತುಂಬಿ, ಬಿಲ್ಲೆಯನ್ನು ಮೊದಲಿಗಿಂತ ನೀಟಾಗಿ ಅಂಟಿಸಿದ್ದರು. ವಾರಗಟ್ಟಲೆ ಆ ಕಾಯಿಗಳನ್ನು ಹಿಡಿದ ಭಾವನ ಕೈಗೆ ಒಂದೂ ಗೊತ್ತಾಗಿರಲಿಲ್ಲ. ಅವರ ಕೈ ಹಿಡಿದದ್ದು ಇನ್ನೂ ತುಂಬಿರದ ಒಂದೇ ಒಂದು ರಾಜನನ್ನು.

ಅಂದರೆ ಸರಳುಗಳೆಲ್ಲ ಹೊರಗಿವೆ. ಅವರು ಕಲ್ಲಿಗೆ ಉಜ್ಜುತ್ತಿದ್ದದ್ದು ಬಕೆಟ್ಟನ್ನಲ್ಲ ಅನ್ನುವುದು ನನಗೆ ಹೊಳೆದದ್ದು ಆಗಲೇ.

ಎಂಟು ಮುಖಗಳಲ್ಲಿ ಒಂದರಲ್ಲೂ ಆಶ್ಚರ್ಯ ಇರಲಿಲ್ಲ. ಭಾವ ಮೇಜಿನ ಮೇಲಿನ ಮರಳನ್ನು ಬೆರಳಿನಿಂದ ಮುಟ್ಟಿ ನೋಡಿದರು, ನನ್ನ ಕಡೆ ನೋಡಿದರು. ಈಗ ಅವರಿಗೂ ಅರ್ಥವಾಗಿತ್ತು. ನಾನು ಸೀಟಿ ಬಾಯಿಗೆ ತಂದೆ. ಊದಿದರೆ ಹೊರಗಿನವನು ಓಡುತ್ತಾನೆ. ಅವನು ವಾಪಸ್ ಬರುವವರೆಗೆ ಈ ಬಾಗಿಲು ಗೋಡೆಯ ಹಾಗೇ. ಅಷ್ಟು ಹೊತ್ತು ಆ ಬೆನ್ನು?

ಡ್ರೈವರ್ ನಕ್ಕ. ಅದೇ ಹಳೇ ನಗು.

"ಯಾಕೆ ಮೇಷ್ಟ್ರೇ ನಿಂತ್ಬಿಟ್ರಿ? ಕಾಯಿ ಮುಟ್ಟಿದ್ರೆ ನಡೆಸಲೇಬೇಕು ಅಂತ ನೀವೇ ತಾನೇ ಹೇಳಿಕೊಟ್ಟಿದ್ದು? ಮುಟ್ಟಿದ್ದೀರಿ. ನಡೆ ನಿಮ್ಮದು." ಅವನ ಬಲಗೈ ಮೇಜಿನ ಕೆಳಗಿತ್ತು. ಅವನ ಹಿಂದೆ ಕೂತ ಇಬ್ಬರ ಕೈಗಳೂ ಕೆಳಗಿದ್ದವು.

ಆಗ ಪೈಂಟರ್ ಎದ್ದ. ಕಿಟಕಿಯ ಪಕ್ಕದ ತನ್ನ ಮೇಜಿನಿಂದ ಎದ್ದು, ಯಾರ ಮುಖವನ್ನೂ ನೋಡದೆ ಬಂದು ಭಾವನ ಮೊಣಕೈ ಹಿಡಿದ.

"ಮೇಷ್ಟ್ರೇ, ಬನ್ನಿ. ನಮ್ಮದು ಅರ್ಧಕ್ಕೆ ನಿಂತಿದೆ. ನೀವು ಗೋಡೆ ಕಡೆ ಕೂತ್ಕೊಳ್ಳಿ. ಈ ಕಡೆ ಬೆಳಕು ಕಣ್ಣಿಗೆ ಹೊಡೆಯುತ್ತೆ."

ಅಲ್ಲಿ ಯಾವ ಬೆಳಕೂ ಹೊಡೆಯುತ್ತಿರಲಿಲ್ಲ. ತನ್ನ ಎದುರಾಳಿಯನ್ನು ಕಣ್ಸನ್ನೆಯಲ್ಲೇ ಎಬ್ಬಿಸಿ, ಭಾವನನ್ನು ಗೋಡೆಗೆ ಆನಿಸಿ ಕೂರಿಸಿದ. ಎದುರಿನ ಬೆಂಚಿನಲ್ಲಿ, ಇಡೀ ಕೋಣೆಗೆ ಬೆನ್ನು ಕೊಟ್ಟು, ತಾನು ಕೂತ. ಕೂರುವ ಮುಂಚೆ ನನ್ನ ಸೀಟಿಯ ಕಡೆ ಒಂದು ಸಲ ನೋಡಿ ತಲೆ ಅಲ್ಲಾಡಿಸಿದ, ನನಗೆ ಮಾತ್ರ ಕಾಣುವಷ್ಟು.

"ಓಹೋ," ಅಂದ ಡ್ರೈವರ್. "ಮೇಷ್ಟ್ರ ಮುದ್ದಿನ ಮಗ. ಮನೆಗೆ ಹೋಗೋ ದಿನ ಹತ್ರ ಬಂತಲ್ಲ, ಬೆನ್ನು ತುರಿಸ್ತಿರ್ಬೇಕು."

ಪೈಂಟರ್ ತಿರುಗಲಿಲ್ಲ. "ನಿಮ್ಮ ನಡೆ ಮೇಷ್ಟ್ರೇ."

ಭಾವ ಒಂದು ಕಾಲಾಳು ನೂಕಿದರು. ಅದು ಎರಡು ಮನೆಗಳ ನಡುವಿನ ಗೆರೆಯ ಮೇಲೆ ನಿಂತಿತು. ಪೈಂಟರನ ಬೆರಳು ನಡುಗುತ್ತಿರಲಿಲ್ಲ. ಅವನು ಯೋಚಿಸಿದ. ಯೋಚಿಸುತ್ತಲೇ ಇದ್ದ. ಒಂದು ನಡೆ. ಮತ್ತೆ ಯೋಚನೆ. ಮೊದಲು ಹತ್ತಿರದ ಇಬ್ಬರು ಮಣೆಯ ಕಡೆ ನೋಡತೊಡಗಿದರು, ಅಭ್ಯಾಸ ಬಲ. ಆಮೇಲೆ ಇನ್ನೊಬ್ಬ, "ಕುದುರೆ ಹೋಗುತ್ತೆ ಕಣೋ" ಅಂತ ಬಾಯಿ ತಪ್ಪಿ ಅಂದ. ಡ್ರೈವರ್ ಅವನನ್ನು ಗುರಾಯಿಸಿದ. ನಾನು ಬಾಗಿಲಿಗೆ ಬೆನ್ನು ಹಚ್ಚಿ, ಲಾಠಿ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬೆರಳು ಜೋಮು ಹಿಡಿದಿತ್ತು. ನನ್ನ ಜನ್ಮದಲ್ಲಿ ಕೋಪವನ್ನು ಅಷ್ಟು ಹೊತ್ತು ನುಂಗಿಕೊಂಡದ್ದು ಅದೊಂದೇ ಸಲ. ಒಂದು ಸಲ ಬೆಂಚು ಕಿರ್ರೆಂದಿತು. ಡ್ರೈವರ್ ಅರ್ಧ ಎದ್ದಿದ್ದ. ಪೈಂಟರನ ಕುತ್ತಿಗೆಯ ನರ ಎದ್ದುನಿಂತಿತು, ಆದರೂ ಅವನು ತಿರುಗಲಿಲ್ಲ.

"ಮುಂದಿನದು ಒಂದು ನಡೆ," ಅಂದರು ಭಾವ ಮೆಲ್ಲಗೆ.

"ಹೌದು ಮೇಷ್ಟ್ರೇ. ಒಂದೇ."

ಡ್ರೈವರ್ ಯಾಕೆ ಮತ್ತೆ ಕೂತನೋ ನನಗೆ ಇವತ್ತಿಗೂ ಗೊತ್ತಿಲ್ಲ. ಸರಳು ಆವತ್ತಿಗೆ ಅಲ್ಲ, ಇನ್ನೊಂದು ದಿನಕ್ಕೆ ಅಂತ ಇಟ್ಟಿದ್ದಿರಬಹುದು. ತನ್ನ ಹಿಂದಿನವರು ಮಣೆ ನೋಡುತ್ತಿದ್ದಾರೆ, ತನ್ನನ್ನಲ್ಲ ಅನ್ನುವುದನ್ನು ಕಂಡಿರಬಹುದು. ಗಂಟೆ ಹೊಡೆಯಿತು. ಬೀಗ ತೆಗೆದ ಸದ್ದಾಯಿತು. ನಾನು ಭಾವನ ಅಂಗಿಯ ಕಾಲರ್ ಹಿಡಿದು, ಮಾವಿನ ಮೂಟೆ ಎಳೆದ ಹಾಗೆ ಹೊರಗೆಳೆದೆ.

ಅಂದೇ ಬ್ಯಾರಕ್ ಜಾಲಾಡಿದೆವು. ಹಾಸಿಗೆಯ ಹೊಲಿಗೆಯಲ್ಲಿ, ನೀರಿನ ತೊಟ್ಟಿಯ ಕೆಳಗೆ, ಸೋಪಿನ ಒಳಗೆ, ಒಂದೊಂದಾಗಿ ಸಿಕ್ಕವು. ತುದಿ ಸೂಜಿಯ ಹಾಗೆ, ಹಿಡಿಗೆ ಬಟ್ಟೆ ಸುತ್ತಿ. ಯಾರಿಗೆ ಅಂತ ಇಟ್ಟಿದ್ದರು ಅಂದರೆ ಒಬ್ಬೊಬ್ಬ ಒಂದೊಂದು ಹೇಳಿದ. ಡ್ರೈವರನನ್ನು ಬೇರೆ ಜೈಲಿಗೆ ಸಾಗಿಸಿದರು. ಸಿಕ್ಕ ಸರಳುಗಳನ್ನು ಮೇಜಿನ ಮೇಲೆ ಹರಡಿ ಸಾಹೇಬರು ಭಾವನನ್ನು ಕರೆಸಿದರು. ಬಾಯಿಗೆ ಬಂದ ಹಾಗೆ ಬೈದರು. ಭಾವ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, ಸರಳುಗಳ ಮೇಲೆ ಕಣ್ಣಾಡಿಸಿ, "ಎರಡು ಕಡಿಮೆ ಇವೆ ಸಾರ್" ಅಂದರು.

ಆ ಎರಡಕ್ಕಾಗಿ ನೆಲ ಅಗೆದೆವು. ಸಿಗಲಿಲ್ಲ.

ಮನೆಯಲ್ಲಿ ಅಕ್ಕ ಎಲ್ಲವನ್ನೂ ನನ್ನ ಬಾಯಿಂದಲೇ ಬಿಡಿಸಿದಳು.

"ಅವನು ಅಡ್ಡ ಕೂತ. ಸರಿ. ನೀನೆಲ್ಲಿದ್ದೆ?"

"ಬಾಗಿಲ ಹತ್ರ ನಿಂತಿದ್ದೆ."

"ಯಾಕೆ, ಬಾಗಿಲು ಓಡಿಹೋಗ್ತಿತ್ತಾ?"

ಅವಳು ಗಂಡನ ಕಡೆ ತಿರುಗಿ, "ನೀವು ಇನ್ನು ಆ ಕಡೆ ತಲೆ ಹಾಕಿದ್ರೆ ನೋಡಿ" ಅಂದಳು. ಕೆಲವು ದಿನದ ಮೇಲೆ ಊಟಕ್ಕೆ ಕೂತಾಗ ಭಾವ ಕೇಳಿದರು, "ಅವನಿಗೆ ಬಿಡುಗಡೆ ಆಯ್ತಾ?"

ಆಗಿರಲಿಲ್ಲ. ಈ ಗಲಾಟೆಯ ವಿಚಾರಣೆ ಮುಗಿಯುವ ತನಕ ಆ ಬ್ಯಾರಕ್ಕಿನ ಯಾರ ಬಿಡುಗಡೆಯ ಮಾತೂ ಎತ್ತುವಂತಿಲ್ಲ ಅಂತ ಆಗಿತ್ತು. ಪೈಂಟರ್ ಅದೇ ಬ್ಯಾರಕ್ಕಿನಲ್ಲಿ, ಅದೇ ಜನರ ನಡುವೆ ಮಲಗುತ್ತಿದ್ದ. ಬೇರೆ ಕಡೆ ಹಾಕಿ ಅಂತ ನಾನು ಸಾಹೇಬರ ಹತ್ತಿರ ಕೂಗಾಡಿದೆ. ಜಾಗ ಇಲ್ಲ ಅಂದರು. ಯಾರು ಯಾರಿಗೆ ಬೆನ್ನು ಕೊಟ್ಟು ಕೂತಿದ್ದರು ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ಪಕ್ಕ ಊಟಕ್ಕೆ ಯಾರೂ ಕೂರುತ್ತಿರಲಿಲ್ಲ. ಅವನ ತಟ್ಟೆಯ ಸುತ್ತ ಖಾಲಿ ನೆಲ. ಎಲ್ಲೋ ಎರಡು ಸರಳು.

ನಾನು ಇದನ್ನು ಹೇಳಿ ಮುಗಿಸಿದಾಗ ಭಾವ ಕೈ ತೊಳೆದು ಎದ್ದರು. ಮರುದಿನದಿಂದ ಸಾಹೇಬರ ಕೋಣೆಯ ಹೊರಗಿನ ಬೆಂಚಿನಲ್ಲಿ ಹೋಗಿ ಕೂರತೊಡಗಿದರು. ಬೈದರೆ ಬೈಸಿಕೊಂಡು ಕೂರುವುದು, ಹೋಗು ಅಂದರೆ ನಾಳೆ ಬರುವುದು. ಅಂಗಡಿಯಲ್ಲಿ ಗಟ್ಟಿ ಮರ ತಂದು, ಗಿಡ್ಡ ರಾಜ, ಗಿಡ್ಡ ಮಂತ್ರಿ, ಅಗಲ ತಳ ಮಾಡಿ ಹೊಸ ಕಾಯಿ ಕಡೆದರು. ಒಳಗೆ ಏನೂ ಇಲ್ಲ. ನೋಡಲು ಉಪ್ಪಿನಕಾಯಿ ಜಾಡಿಗಳ ಹಾಗಿವೆ. "ಇಷ್ಟು ಕೆಟ್ಟ ಕೆಲಸ ನಾನು ಜೀವಮಾನದಲ್ಲಿ ಮಾಡಿಲ್ಲ" ಅಂತ ಅವರೇ ಅಂದರು. ಕಡೆಗೆ ಸಾಹೇಬರು, ಮೇಲಿನವರಿಗೆ ಚೆಸ್ ನಡೆಯುತ್ತಿದೆ ಅಂತ ಬರೆದು ಕಳಿಸಿದ್ದಕ್ಕೋ ಏನೋ, ಒಪ್ಪಿದರು.

ಅಕ್ಕ ಮೂರು ದಿನ ಇಬ್ಬರ ಜೊತೆಗೂ ಮಾತು ಬಿಟ್ಟಳು. ನಾಲ್ಕನೇ ದಿನ ಅಂಗಿ ಇಸ್ತ್ರಿ ಮಾಡಿ ಕೊಟ್ಟಳು. ಕೊಡುವಾಗ ನನ್ನ ಕಡೆ ನೋಡಿ, "ಆ ಹುಡುಗನ ಬೆನ್ನಿಗೆ ಯಾರಿದ್ದಾರೆ?" ಅಂತ ಕೇಳಿದಳು. ಹುಡುಗನೇನಲ್ಲ, ಪೈಂಟರನಿಗೆ ನನ್ನ ವಯಸ್ಸು. ನಾನು ತಿದ್ದಲು ಹೋಗಲಿಲ್ಲ.

ಮತ್ತೆ ಅದೇ ಕೋಣೆ, ಅದೇ ಬೀಗ. ಈಗ ನಾಲ್ಕೇ ಜನ. ಪೈಂಟರ್ ಇನ್ನೂ ಸಣಕಲಾಗಿದ್ದ. ಮೊದಲ ದಿನವೇ ಜಗಳ.

"ಮೇಷ್ಟ್ರೇ, ನೀವು ಗೋಡೆ ಕಡೆ ಕೂತ್ಕೊಳ್ಳಿ."

"ನೀನು ಕೂತ್ಕೋ. ನನಗೆ ಆ ಕಡೆ ಬೆಳಕು ಸಾಲಲ್ಲ."

"ಬೆಳಕಿನ ಕಥೆ ನನಗೆ ಹೇಳಬೇಡಿ ಮೇಷ್ಟ್ರೇ, ಅದು ನಾನೇ ಕಟ್ಟಿದ್ದು."

ಇಬ್ಬರೂ ನಿಂತೇ ಇದ್ದರು. ಉಳಿದ ಮೂವರು ಸುಮ್ಮನೆ ನೋಡುತ್ತಿದ್ದರು. ಅವರ ಕೈಗಳು ಎಲ್ಲಿವೆ ಅಂತ ನಾನು ನೋಡುತ್ತಿದ್ದೆ. ನನಗೆ ರೇಗಿಹೋಯಿತು. "ಸಾಕು ನಿಮ್ಮ ಉಪಚಾರ!" ಅಂತ ಮೇಜು ಹಿಡಿದು ಎಳೆದು, ಅದರ ಒಂದು ಬದಿ ಗೋಡೆಗೆ ತಾಗುವ ಹಾಗೆ ಅಡ್ಡ ತಿರುಗಿಸಿದೆ. ಈಗ ಇಬ್ಬರಿಗೂ ಒಂದು ಭುಜ ಗೋಡೆಗೆ, ಇನ್ನೊಂದು ಭುಜ ಕೋಣೆಗೆ. ಕೋಣೆಯ ಕಡೆಗಿದ್ದ ಆ ಭುಜಗಳ ಮಗ್ಗುಲಲ್ಲಿ ನಾನು ನಿಂತೆ, ಬಾಗಿಲ ಹತ್ತಿರ ಅಲ್ಲ. ಬಾಗಿಲು ಎಲ್ಲಿಗೂ ಓಡಿಹೋಗಲಿಲ್ಲ.

ಇಂದಿಗೂ ಹಾಗೇ ನಡೆಯುತ್ತಿದೆ. ಭಾವ ಆ ಜಾಡಿಯಂಥ ರಾಜನನ್ನು ಎತ್ತಿದಾಗಲೆಲ್ಲ ಅಂಗೈಯಲ್ಲಿ ಆಡಿಸಿ ತೂಕ ನೋಡುತ್ತಾರೆ. ಈಗ ಒಂದು ಕೈಯಲ್ಲಿ ಅಲ್ಲ, ಎರಡು ಕೈಯಲ್ಲೂ ನೋಡುತ್ತಾರೆ. ಸಂಜೆ ಮನೆಗೆ ತಲುಪಿದರೆ ಅಕ್ಕ ಬಾಗಿಲಲ್ಲೇ ನಿಂತಿರುತ್ತಾಳೆ. ಗಂಡನ ಭುಜ ಹಿಡಿದು ಒಂದು ಸುತ್ತು ತಿರುಗಿಸಿ ಬೆನ್ನು ನೋಡುತ್ತಾಳೆ. ಆಮೇಲೆ ನನ್ನನ್ನೂ ತಿರುಗಿಸಿ ನೋಡುತ್ತಾಳೆ.

"ಅವನು?"

"ಚೆನ್ನಾಗಿದ್ದಾನೆ."

"ಆ ಎರಡು ಸಿಕ್ಕವಾ?"

"ಇನ್ನೂ ಇಲ್ಲಕ್ಕ."

ಆಗ ಅವಳು ಬದಿಗೆ ಸರಿದು ನಮ್ಮನ್ನು ಒಳಗೆ ಬಿಡುತ್ತಾಳೆ.